ಮಾಯವ್ವ ನಡೆದದ್ದು

ಚಹಾ ಬೇಡವೆನ್ನಲು ಸಿದ್ರಾಮನ ಬಳಿ ಇನ್ನು ನೆಪಗಳು ಉಳಿದಿರಲಿಲ್ಲ. ಪಿತ್ತ, ಸೋಮವಾರದ ಉಪವಾಸ, ಹಲ್ಲುನೋವು, ಈಗಷ್ಟೇ ಕುಡಿದು ಬಂದೆ ಎಂಬುದು, ಎಲ್ಲ ಮುಗಿದು ಮತ್ತೆ ಪಿತ್ತಕ್ಕೇ ಬಂದು ನಿಂತಿತ್ತು. ಕೊಲ್ಹಾಪುರದ ಮಿಶನ್ ಕಂಪೌಂಡಿನ ಹಿಂದೆ, ಒಂದು ಕಾಲಕ್ಕೆ ಸಾಹೇಬರ ಟಾಂಗಾ ನಿಲ್ಲುತ್ತಿದ್ದ ಕೋಣೆಯಲ್ಲಿ, ಜ್ಞಾನು ಮಾಸ್ತರ ದಿನವೂ ಹತ್ತೂವರೆಗೆ ಎರಡು ಕಪ್ಪು ತಂದಿಡುತ್ತಿದ್ದ. ಬೇಡವೆಂದರೆ ಮುಖ ಸಣ್ಣದು ಮಾಡುತ್ತಿರಲಿಲ್ಲ. “ಹೌದ್ರಿ, ಪಿತ್ತಕ್ಕ ಚಹಾ ಭಾಳ ವಾಯಿಟ,” ಎಂದು ಎರಡನ್ನೂ ತಾನೇ ಕುಡಿಯುತ್ತಿದ್ದ. ಸಿದ್ರಾಮನಿಗೆ ಸಿಟ್ಟು ಬರುತ್ತಿದ್ದುದು ಇದಕ್ಕೇ. ಮಾಸ್ತರನಿಗೆ ನಿಜವಾದ ಕಾರಣ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗಿರುವ ಈ ಸಭ್ಯತೆಯನ್ನು ಸತ್ತ ಎಮ್ಮೆ ಎಳೆದವನ ಮಗ ಎಲ್ಲಿ ಕಲಿತ? ಮಿಶನ್ನಿನವರು ಇಂಗ್ಲಿಷು ಕಲಿಸಿದರು, ಚಡ್ಡಿ ಬಿಡಿಸಿ ಪ್ಯಾಂಟು ತೊಡಿಸಿದರು, ಇದನ್ನೂ ಕಲಿಸಿದರೇನೋ. ಸ್ಟುಡಿಯೋದಲ್ಲಿದ್ದ ಹದಿನಾಲ್ಕು ವರ್ಷ ತಾನು ಯಾರ ಯಾರದೋ ಎಂಜಲು ಗ್ಲಾಸಿನಲ್ಲಿ ಕುಡಿದದ್ದು, ಕೊರಳಲ್ಲಿಯ ಲಿಂಗ ಇಲ್ಲಿಗೆ ಬಂದಮೇಲಷ್ಟೇ ನೆನಪಾಗಿದ್ದು, ಇದೂ ಸಿದ್ರಾಮನಿಗೆ ಗೊತ್ತಿತ್ತು. ಅದು ಸಿಟ್ಟನ್ನು ಇನ್ನಷ್ಟು ಕೆದಕುತ್ತಿತ್ತು.

ಸ್ಟುಡಿಯೋ ಮುಚ್ಚಿ ವರ್ಷವಾಗಿತ್ತು. ರಾಜರ ದರಬಾರು, ಋಷಿಗಳ ಆಶ್ರಮ ಎದ್ದುನಿಲ್ಲುತ್ತಿದ್ದ ಶೆಡ್ಡಿನಲ್ಲಿ ಈಗ ಬೆಲ್ಲದ ಪೆಂಟೆಗಳನ್ನು ಪೇರಿಸಿದ್ದರು. ಎಡಿಟರನ ಅಸಿಸ್ಟಂಟನಾಗಿ ಸೇರಿದ ಸಿದ್ರಾಮ ಅಸಿಸ್ಟಂಟನಾಗಿಯೇ ಹೊರಬಿದ್ದಿದ್ದ. ಹನ್ನೊಂದು ಚಿತ್ರ ಕತ್ತರಿಸಿ ಅಂಟಿಸಿದ್ದರೂ ಒಂದರಲ್ಲೂ ಅವನ ಹೆಸರು ಬಂದಿರಲಿಲ್ಲ. ಮಿಶನ್ನಿನವರು ಹೇಳಿಕಳಿಸಿದಾಗ ಹೆಂಡತಿ ಸುಶೀಲಾಬಾಯಿ ಅವನ ಮುಖ ನೋಡದೆ, ಅಕ್ಕಿ ಆರಿಸುತ್ತ, “ಹೋಗ್ರಲ್ಲ, ಅವರೇನ ಹಿಡಕೊಂಡ ಕಿರಿಸ್ತಾನ ಮಾಡತಾರೇನು?” ಎಂದಿದ್ದಳು. ಕೆಲಸ ಎರಡು ಬಗೆಯದು. ಗಡಹಿಂಗ್ಲಜದ ಹೊರಗೆ ಮಿಶನ್ನು ತೆರೆದ ಸಣ್ಣ ದವಾಖಾನೆಯ ಮೇಲೆ ಜ್ಞಾನು ಮಾಸ್ತರ ತೆಗೆದಿದ್ದ ಫಿಲ್ಮನ್ನು ಹದಿನೆಂಟು ನಿಮಿಷದ ಒಂದು ರೀಲಾಗಿ ಜೋಡಿಸುವುದು. ಜೋಡಿಸುವ ವಿದ್ಯೆಯನ್ನು ಮಾಸ್ತರನಿಗೆ ಕಲಿಸುವುದು. ಊರೂರಿಗೆ ಹೋಗಿ ಆ ರೀಲು ತೋರಿಸಿ, ಮೈಕು ಹಿಡಿದು ದೇವರ ಮಾತು ಹೇಳಬೇಕೆಂದು ಅವರ ಯೋಜನೆ. ಸ್ಟುಡಿಯೋದ ಅಗಲ ಫಿಲ್ಮು ಹಿಡಿದ ಕೈಗೆ ಇವರ ಹದಿನಾರು ಮಿಲಿಮೀಟರಿನ ಪಟ್ಟಿ ಹುಡುಗಿಯರ ಜಡೆಯ ರಿಬ್ಬನ್ನಿನಂತೆ ಕಂಡಿತ್ತು. ಅದಕ್ಕೆ ನೆಗೆಟಿವ್ ಕೂಡ ಇರಲಿಲ್ಲ. ಕ್ಯಾಮೆರಾದಲ್ಲಿ ಓಡಿದ ಪಟ್ಟಿಯೇ ಮುಂಬಯಿಯಲ್ಲಿ ತೊಳೆದು ಬರುತ್ತಿತ್ತು, ಅದನ್ನೇ ಕತ್ತರಿಸಬೇಕು, ಅದನ್ನೇ ತೋರಿಸಬೇಕು. ತಪ್ಪಿದರೆ ತಪ್ಪಿಯೇ ಹೋಯಿತು.

ಮಾಸ್ತರನಂಥ ದಡ್ಡ ಶಿಷ್ಯನನ್ನು ಸಿದ್ರಾಮ ಕಂಡಿರಲಿಲ್ಲ. ಅಂಚಿನಲ್ಲಿ ಹಿಡಿ ಎಂದರೆ ಬೆವರಿದ ಹೆಬ್ಬೆರಳನ್ನು ಚಿತ್ರದ ಮೇಲೆಯೇ ಒತ್ತುತ್ತಿದ್ದ. ಬ್ಲೇಡಿನಿಂದ ಮೇಲಿನ ಪದರ ಕೆರೆದು, ಸಿಮೆಂಟೆಂಬ ಅಂಟು ಹಚ್ಚಿ, ಒತ್ತಿ ಹಿಡಿದು ಹತ್ತು ಎಣಿಸು ಎಂದರೆ ಏಳಕ್ಕೇ ಕೈಬಿಡುತ್ತಿದ್ದ. ಹೇಳಿದ್ದನ್ನೆಲ್ಲ ಶಾಲೆಯ ವಹಿಯಲ್ಲಿ ಬರೆದುಕೊಳ್ಳುತ್ತಿದ್ದ: ಮೊದಲು ದೂರದ ಚಿತ್ರ, ಊರು ತಿಳಿಯಲು, ಆಮೇಲೆ ಹತ್ತಿರದ್ದು, ಮುಖ ತಿಳಿಯಲು. “ಮತ್ತ ಮನಸ್ಸು ತಿಳಿಯಾಕ ಏನ್ರಿ?” ಎಂದು ಒಮ್ಮೆ ಕೇಳಿದ್ದ. ಸಿದ್ರಾಮ ನಕ್ಕಿದ್ದ. ಮನಸ್ಸಂತೆ. ನಾಯಕಿಯೊಬ್ಬಳಿಗೆ ಅಳಲು ಬರುತ್ತಿರಲಿಲ್ಲ. ಗ್ಲಿಸರಿನ್ ಹಾಕಿದರೂ ಕಣ್ಣು ಕಲ್ಲಿನಂತಿರುತ್ತಿತ್ತು. ಊಟದ ಹೊತ್ತಾಯಿತೇ ಎಂದು ಅವಳು ಬಾಗಿಲ ಕಡೆ ನೋಡಿದ ಒಂದು ತುಣುಕು ಬುಟ್ಟಿಯಲ್ಲಿ ಬಿದ್ದಿತ್ತು. ಸಿದ್ರಾಮ ಅದನ್ನೆತ್ತಿ ಖಾಲಿ ತೊಟ್ಟಿಲಿನ ಚಿತ್ರದ ಪಕ್ಕ ಅಂಟಿಸಿದ. ಕೊಲ್ಹಾಪುರದ ಹೆಂಗಸರು ಸೆರಗು ಒದ್ದೆಮಾಡಿಕೊಂಡು ಹೊರಬಂದರು, ಎಡಿಟರನಿಗೆ ಹಾರ ಬಿತ್ತು, ಅವಳ ಹಸಿವೆಯೇ ಅವರಿಗೆ ಪುತ್ರಶೋಕವಾಗಿತ್ತು. ಥಿಯೇಟರಿನ ಬಾಗಿಲಲ್ಲಿ ನಿಂತು ಆ ಮುಖಗಳನ್ನು ನೋಡಿದ ದಿನವೇ ಅವನಿಗೆ ಜನರೆಂದರೆ ಏನೆಂದು ಗೊತ್ತಾಗಿಹೋಗಿತ್ತು. ಜನ ನೋಡುವುದಿಲ್ಲ. ಎರಡು ತುಣುಕು ಪಕ್ಕಪಕ್ಕ ಇಟ್ಟರೆ ನಡುವಿನದನ್ನು ತಾವೇ ಹೊಸೆದುಕೊಂಡು ಅಳುತ್ತಾರೆ.

ಎಲ್ಲ ತುಣುಕುಗಳನ್ನೂ ಹಗ್ಗಕ್ಕೆ ಇಳಿಬಿಟ್ಟ ದಿನ ಮಾಸ್ತರ ಒಂದು ಕೊರತೆ ಕಂಡುಹಿಡಿದ. ದವಾಖಾನೆಯ ಕಟ್ಟೆ ಇತ್ತು, ಸಾಲುನಿಂತ ರೋಗಿಗಳಿದ್ದರು, ಬಾಟಲಿಗಳಿದ್ದವು, ನರ್ಸಿನ ಬಿಳಿ ಟೊಪ್ಪಿಗೆಯಿತ್ತು. ಗುಣವಾದವರು ಮಾತ್ರ ಒಬ್ಬರೂ ಇರಲಿಲ್ಲ.

“ನೆಟ್ಟಗಾದವರು ಕ್ಯಾಮೆರಾಕ್ಕ ಕಾಯೂದಿಲ್ರಿ,” ಎಂದ ಮಾಸ್ತರ. “ಎಸ್.ಟಿ. ಬಸ್ಸ ಹಿಡದ ಊರಿಗೆ ಹೋಗಿಬಿಡತಾರ. ಸಾಹೇಬರು ಒಬ್ಬರದಾರೆ ಪೂರ್ತಿ ಕತಿ ಬೇಕಂತಾರ.”

ಸಿದ್ರಾಮ ಹಗ್ಗದಿಂದ ಎರಡು ತುಣುಕು ಕಿತ್ತುಕೊಂಡ. ಎರಡರಲ್ಲೂ ಒಬ್ಬಳೇ ಹೆಂಗಸು, ಮೂವತ್ತರ ಒಳಗಿನವಳು, ಹಣೆಯ ಮೇಲೆ ಹಚ್ಚೆ. ಮೊದಲು ತೆಗೆದದ್ದರಲ್ಲಿ ಅವಳು ಕಟ್ಟೆಯ ಮೇಲೆ ಗೋಡೆ ಮುಟ್ಟುತ್ತ ನಡೆದು ಬರುತ್ತಾಳೆ, ನಿಂತು ಪಕ್ಕಕ್ಕೆ ತಿರುಗಿ ನಗುತ್ತಾಳೆ. ಇನ್ನೊಂದರಲ್ಲಿ ಮಂಚದ ಮೇಲೆ ಮಲಗಿದ್ದಾಳೆ, ನರ್ಸು ಬಾಯಿಗೆ ಚಮಚೆ ಹಿಡಿಯುತ್ತಾಳೆ. ಸಿದ್ರಾಮ ಮಲಗಿದ್ದನ್ನು ಮುಂದೆ ಹಾಕಿದ, ನಡೆದದ್ದನ್ನು ಹಿಂದೆ. ಕೆರೆದ, ಅಂಟಿಸಿದ, ಹತ್ತು ಎಣಿಸಿದ, ಕೈಯಿಂದ ತಿರುವುವ ವ್ಯೂವರಿನಲ್ಲಿ ಹಾಕಿ ಮಾಸ್ತರನನ್ನು ಕರೆದ. ಹೆಂಗಸು ಮಲಗಿದಳು, ಔಷಧ ಕುಡಿದಳು, ಎದ್ದಳು, ನಡೆದಳು, ನಕ್ಕಳು.

“ನಿಮ್ಮ ದೇವರಿಗೆ ಆಗದ್ದನ್ನ ನಾ ಒಂದ ಹನಿ ಸಿಮೆಂಟಿನಾಗ ಮಾಡೇನ್ನೋಡ್ರಿ, ಮಾಸ್ತರ.”

ಮಾಸ್ತರ ನಗಲಿಲ್ಲ. “ಆಕಿ ಸತ್ತಾಳ್ರಿ,” ಎಂದ. “ನಡಕೋತ ಬಂದಳು. ಮಲಗಿದಾಕಿ ಮತ್ತ ಏಳಲಿಲ್ಲ. ಇದನ್ನ ಬಿಚ್ರಿ.”

“ಒಣಗಿತು. ನಾಳೆ ಬಿಚ್ಚೂಣು.”

ಒಣಗಿದ್ದರೂ ಬಿಚ್ಚಲು ಎರಡು ನಿಮಿಷ ಸಾಕಿತ್ತು. ಆದರೆ ಮಾಸ್ತರನ ಮುಖದಲ್ಲಿ ಕಂಡ ನೋವು ಅವನಿಗೆ ರುಚಿಸಿತ್ತು, ಒಂದು ದಿನ ಅದು ಹಾಗೆಯೇ ಇರಲಿ ಎನಿಸಿತ್ತು. ಮರುದಿನ ಸಿದ್ರಾಮ ಬರುವ ಮೊದಲೇ ಮಿಶನ್ನಿನ ಬಿಳಿ ಸಾಹೇಬ ಕೋಣೆಗೆ ಬಂದು ರೀಲು ತಿರುವಿ ನೋಡಿಬಿಟ್ಟಿದ್ದ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡನಂತೆ. ಈ ಹೆಂಗಸಿನ ಸಲುವಾಗಿಯೇ ಇಷ್ಟು ವರ್ಷ ಇಲ್ಲಿ ದುಡಿದೆ ಅನಿಸುತ್ತದೆ ಎಂದನಂತೆ. ಇದನ್ನು ಹೇಳುವಾಗ ಮಾಸ್ತರ ಎರಡು ಕಪ್ಪನ್ನೂ ಮುಟ್ಟದೆ ನಿಂತಿದ್ದ.

“ಇರಲಿ ಬಿಡ್ರಿ ಹಂಗ,” ಎಂದ ಕಡೆಗೆ.

ಇಷ್ಟೇ ಇವರ ಸತ್ಯ, ಎಂದುಕೊಂಡ ಸಿದ್ರಾಮ. ಒಂದು ರಾತ್ರಿ ತಾಳಲಿಲ್ಲ. ಅವನಿಗೆ ಗೆದ್ದಂತಾಯಿತು. ಮನೆಗೆ ಹೋಗಿ ಹೆಂಡತಿಗೆ ಹೇಳಬೇಕೆಂದು ಬಾಯಿ ತೆರೆದ, ಹೇಳಲಿಲ್ಲ. ಹೇಳಿದರೆ ಯಾರು ಅಂಟಿಸಿದ್ದು ಎಂದು ಅವಳು ಕೇಳುತ್ತಿದ್ದಳು.

ಮೊದಲ ಪ್ರದರ್ಶನ ಗಡಹಿಂಗ್ಲಜದ ಶಾಲೆಯಲ್ಲಿ, ಮಧ್ಯಾಹ್ನ, ಕಿಟಕಿಗಳಿಗೆ ಕಂಬಳಿ ಹೊಚ್ಚಿ. ಪ್ರೊಜೆಕ್ಟರು ನಡೆಸಲು ಮಾಸ್ತರನಿಗೆ ಬಾರದು ಎಂದು ಸಿದ್ರಾಮನೇ ಹೋಗಬೇಕಾಯಿತು. ಹೆಂಗಸು ಎದ್ದು ನಡೆದಾಗ ಮುಂದಿನ ಸಾಲಿನ ಮುದುಕಿಯರು ಲೊಚಗುಟ್ಟಿದರು, ಯಾರೋ ಕೈಮುಗಿದರು. ಮೈಕಿನಲ್ಲಿ ಮಾಸ್ತರನ ದನಿ ಆ ಜಾಗಕ್ಕೆ ಬಂದಾಗ ಸಣ್ಣದಾಯಿತು. ಉಳಿದ ಕಡೆ ಪ್ರವಾಹದಂತೆ ಹರಿಯುತ್ತಿದ್ದ ಮಾತು ಅಲ್ಲಿ ಬರೀ “ನೋಡ್ರಿ” ಎಂದು ನಿಂತಿತು. ಯಂತ್ರದ ಹಿಂದೆ ನಿಂತ ಸಿದ್ರಾಮ ಕತ್ತಲಲ್ಲಿ ಆ ತಲೆಗಳನ್ನು ನೋಡಿ, ಕೊಲ್ಹಾಪುರವಾದರೇನು ಗಡಹಿಂಗ್ಲಜವಾದರೇನು ಎಂದುಕೊಂಡ. ಕುರಿಗಳಿಗೂ ಮೂಸಿ ನೋಡುವ ಬುದ್ಧಿಯಿರುತ್ತದೆ.

ಮೂರನೆಯದು ಇಚಲಕರಂಜಿಯ ಪಕ್ಕದ ಕೊರೋಚಿಯಲ್ಲಿ. ಮಗ್ಗಗಳಿಗೆ ವಾರದ ರಜೆ. ಜಿನಗೊಂಡನೆಂಬ ಮಾಲಕ ತನ್ನ ಪಾವರ್‌ಲೂಮ್ ಶೆಡ್ಡನ್ನು ಬಿಟ್ಟುಕೊಟ್ಟಿದ್ದ. ಪುಕ್ಕಟೆ ಸಿನೆಮಾ ತೋರಿಸಿದರೆ ಆಳುಗಳು ಶೇಂದಿ ಅಂಗಡಿಗೆ ಹೋಗುವುದಿಲ್ಲವೆಂದು ಅವನ ಲೆಕ್ಕ. ಹನ್ನೆರಡು ಮಗ್ಗಗಳು ನೇಗಿಲೆಳೆದು ಸುಸ್ತಾದ ಎತ್ತುಗಳಂತೆ ನಿಂತಿದ್ದವು, ಅವುಗಳ ಸಂದಿನಲ್ಲಿ ಜನ ಕೂತಿದ್ದರು, ಕಿಟಕಿಗಳಿಗೆ ಕೋರಾ ಬಟ್ಟೆ ಕಟ್ಟಿದ್ದರು. ಹತ್ತಿಯ ಎಳೆ ಗಾಳಿಯಲ್ಲಿ ತೇಲಿ ಪ್ರೊಜೆಕ್ಟರಿನ ಬೆಳಕಿನಲ್ಲಿ ಹೊಳೆಯುತ್ತಿತ್ತು. ಅದು ಯಂತ್ರದಲ್ಲಿ ಫಿಲ್ಮು ಹಾಯುವ ಗೇಟಿನೊಳಗೆ ಸಿಕ್ಕಿಕೊಂಡರೆ ಎಂಬ ಚಿಂತೆಯಲ್ಲಿದ್ದ ಸಿದ್ರಾಮನಿಗೆ ಜನ ಯಾವಾಗ ನಕ್ಕರು, ಯಾವಾಗ ಸುಮ್ಮನಾದರು ತಿಳಿಯಲಿಲ್ಲ. ಪ್ರಾರ್ಥನೆಯಾಗಿ, ಬಟ್ಟೆ ಬಿಚ್ಚಿ, ಬಿಸಿಲು ಒಳಗೆ ಬಿದ್ದು, ಎಲ್ಲರೂ ಎದ್ದು ಹೋದ ಮೇಲೆ ಒಬ್ಬ ಮಾತ್ರ ಮಗ್ಗಕ್ಕೆ ಒರಗಿ ನಿಂತಿದ್ದ. ನಲವತ್ತರ ಆಸುಪಾಸಿನವನು, ಕೂದಲಲ್ಲಿ ಹತ್ತಿ.

“ಸಾಹೇಬ್ರ, ಒಂದ ಕೇಳೂದಿತ್ರಿ.”

“ಏನಲೇ?” ಎಂದ ಸಿದ್ರಾಮ, ರೀಲು ಸುತ್ತುತ್ತ.

“ಆಕಿ ಎದ್ದ ಅಡ್ಡಾಡಿದ್ದು ಯಾವ ದಿನಾರಿ?”

“ಯಾವಾಕಿ?”

“ದವಾಖಾನಿ ಕಟ್ಟಿ ಮ್ಯಾಲೆ ನಡದಳಲ್ರಿ. ಮಾಯವ್ವ. ನನ್ನ ಹೇಣ್ತಿರಿ.”

ವೈರು ಸುತ್ತುತ್ತಿದ್ದ ಮಾಸ್ತರನ ಕೈ ನಿಂತಿತು. ಗಣಪತ ಎಂಬ ಆ ಮನುಷ್ಯ ಜಗಳಕ್ಕೆ ಬಂದವನಂತಿರಲಿಲ್ಲ, ದಾರಿ ಕೇಳುವವನಂತಿದ್ದ. ಅವಳ ತವರು ಗಡಹಿಂಗ್ಲಜದ ಹತ್ತಿರವಂತೆ. ಜ್ವರವೆಂದು ತವರಿಗೆ ಹೋದಳಂತೆ, ಅಲ್ಲಿಂದ ದವಾಖಾನೆಗೆ. “ಹಾಸಗಿ ಹಿಡದಾಳ, ಲಗೂನ ಬಾ ಅಂತ ಕಾರ್ಡ ಬಂತ್ರಿ. ಮಾಲಕರು ಮಗ್ಗದ ಮ್ಯಾಲಿನ ಬೀಮ ಮುಗಿಸಿ ಹೋಗು ಅಂದ್ರು. ಅದರಾಗ ಎರಡ ದಿನ ನೇಯೂವಷ್ಟ ನೂಲಿತ್ತು. ಮುಗಿಸಿ ಹೋದೆ. ನಾ ಹೋಗೂದ್ರಾಗ ಮಣ್ಣ ಆಗಿತ್ತು. ಒಮ್ಮೆನೂ ಏಳಲಿಲ್ಲ, ಮಾತಾಡಲಿಲ್ಲ ಅಂತ ಅತ್ತಿ ಹೇಳಿದ್ಳು. ಈಗ ನೋಡಿದ್ರ ಎದ್ದಾಳ. ಆ ಎರಡ ದಿನದಾಗ ಎದ್ದಿದ್ದಳೇನ್ರಿ? ಹೊಳ್ಳಿ ನೋಡಿ ನಗತಾಳಲ್ರಿ, ಅದು ರಸ್ತೇದ ಕಡೀಗೇನು?”

ಬಾಗಿಲಲ್ಲಿ ಬೀಗ ಹಿಡಿದು ನಿಂತಿದ್ದ ಜಿನಗೊಂಡ, “ನಾ ಹಂಗೇನ ಗಟ್ಟಿ ಹೇಳಿದ್ದಿಲ್ಲ ನೋಡ. ನೀನ ಇನ್ನೊಮ್ಮೆ ಕೇಳಲಿಲ್ಲ,” ಎಂದ. ಗಣಪತ ಅದಕ್ಕೆ ತಲೆಯಾಡಿಸಿದ. ಹೌದು, ಇನ್ನೊಮ್ಮೆ ಕೇಳಿರಲಿಲ್ಲ.

ಮಾಸ್ತರ ಸಿದ್ರಾಮನ ಕಡೆ ನೋಡಿದ. ಆ ನೋಟದಲ್ಲಿ ದೂರಿರಲಿಲ್ಲ, ಬರೀ ಬೇಡಿಕೆಯಿತ್ತು, ಅದು ದೂರಿಗಿಂತ ಹೊಲಸಾಗಿ ಕಂಡಿತು. ಇವನು ಹೇಳಲಾರ. ಹೇಳಿದರೆ ಸಾಹೇಬನ ಕಣ್ಣೀರು ಸುಳ್ಳಾಗುತ್ತದೆ. ಹೇಡಿ, ಎಂದುಕೊಂಡ ಸಿದ್ರಾಮ, ಮತ್ತು ತಾನು ಹೇಡಿಯಲ್ಲವೆಂದು ತೋರಿಸಲಿಕ್ಕಾಗಿಯೇ ಬಿರುಸಾಗಿ ಹೇಳಿದ: “ಇಲ್ಲಿ ಕೇಳು. ಆಕಿ ಮೊದಲ ನಡಕೋತ ಬಂದಾಳ. ಆಮ್ಯಾಲೆ ಮಲಗ್ಯಾಳ. ಮಲಗಿದ ಮ್ಯಾಲೆ ಎದ್ದಿಲ್ಲ. ನಾನ ಹಿಂದಿಂದು ಮುಂದ, ಮುಂದಿಂದು ಹಿಂದ ಮಾಡಿ ಅಂಟಿಸೇನಿ. ತಿಳೀತಿಲ್ಲೊ?”

ಗಣಪತ ಅವನ ಮಾತಿಗೆ ಕರುಣೆಯಿಂದೆಂಬಂತೆ ನಕ್ಕ. “ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ. ನಾ ಕಣ್ಣಿಲೆ ನೋಡೇನಲ್ರಿ.”

ಇಷ್ಟು ವರ್ಷ ಜನರ ಯಾವ ನಂಬಿಕೆಯನ್ನು ನೆನೆದು ನಗುತ್ತಿದ್ದನೋ ಅದು ಈಗ ಎದುರಿಗೆ ಬಂದು ನಿಂತು ಅಲುಗುತ್ತಿರಲಿಲ್ಲ. ಮಾಡಿದವನೇ ಸುಳ್ಳೆಂದರೂ ನೋಡಿದವನು ಒಪ್ಪುತ್ತಿಲ್ಲ. ಸಿದ್ರಾಮನಿಗೆ ಮೈ ಉರಿಯಿತು. ತನ್ನ ಕೈಕೆಲಸವನ್ನು ಈ ನೇಕಾರ ದೇವರ ಕೆಲಸವೆಂದು ತಿಳಿಯುವುದೇ? ಕಿಟಕಿಗೆ ಮತ್ತೆ ಬಟ್ಟೆ ಕಟ್ಟಿಸಿದ. ಪೆಟ್ಟಿಗೆ ತೆಗೆದು, ರೀಲು ಬಿಚ್ಚಿ, ಗಣಪತನ ಕಣ್ಣೆದುರೇ ಅಂಟು ಕಿತ್ತು, ತುಣುಕುಗಳನ್ನು ಅದಲುಬದಲು ಮಾಡಿ ಅಂಟಿಸಿದ. ಸಿಮೆಂಟಿನ ವಾಸನೆ ಶೆಡ್ಡಿನ ಎಣ್ಣೆಯ ವಾಸನೆಯೊಳಗೆ ಸೇರಿತು. ಯಂತ್ರ ಹಚ್ಚಿದ. ಗೋಡೆಗೆ ಕಟ್ಟಿದ ಪರದೆಯ ಮೇಲೆ ಮಾಯವ್ವ ನಡೆದು ಬಂದಳು, ಹೊರಳಿ ನಕ್ಕಳು. ಮಲಗಿದಳು. ಚಮಚೆ ಬಾಯಿಗೆ ಬಂತು, ಬಾಯಿ ತೆರೆಯದಿದ್ದದ್ದು ಈಗಷ್ಟೇ ಕಂಡಿತು. ಪರದೆ ಬೆಳ್ಳಗಾಯಿತು.

ಆಮೇಲೆ ಗಣಪತ ಮಾಸ್ತರನ ಕಡೆ ತಿರುಗಿ ಮೆಲ್ಲಗೆ ಕೇಳಿದ: “ನಡಕೋತ ಬಂದಾಕಿನ್ನ ಮಲಗಿಸಿದವರು ಯಾರ್ರಿ?”

“ಹಂಗಲ್ಲ ಗಣಪತ,” ಎಂದ ಮಾಸ್ತರ. “ಬಂದಾಗ ಜ್ವರ ಇತ್ತು. ಭಾಳ ಇತ್ತು.”

“ನಗಾಕತ್ತಾಳಲ್ರಿ. ಜ್ವರ ಇದ್ದಾಕಿ ನಗತಾಳೇನು?”

“ನಾನ ಅಂದಿದ್ದೆ. ನಡಕೋತ ಬಾ, ಕ್ಯಾಮೆರಾ ನೋಡಬ್ಯಾಡ, ಬಾಜೂಕ ಹೊಳ್ಳಿ ನಗು ಅಂದಿದ್ದೆ.” ಮಾಸ್ತರ ಸುತ್ತಿಟ್ಟ ಮೈಕಿನ ವೈರನ್ನು ಮತ್ತೆ ಬಿಚ್ಚತೊಡಗಿದ. “ಎರಡ ಸರ್ತಿ ನಡಿಸಿದೆ. ಮೊದಲನೇ ಸರ್ತಿ ಬೆಳಕ ಕಮ್ಮಿ ಇತ್ತು. ಮೈ ಕೆಂಡ ಆಗಿತ್ತು ಆಕಿದು. ಹೂಂ ಅಂದು ಇನ್ನೊಮ್ಮೆ ನಡದಳು.”

ಇದು ಸಿದ್ರಾಮನಿಗೆ ಗೊತ್ತಿರಲಿಲ್ಲ. ಮಾಸ್ತರ ಇದನ್ನು ಇಷ್ಟು ದಿನ ಎರಡೆರಡು ಕಪ್ಪು ಚಹಾದ ಜೊತೆ ಹೇಗೆ ನುಂಗುತ್ತಿದ್ದ? ತಾನು ವ್ಯೂವರಿನಲ್ಲಿ ನೂರು ಸಲ ನೋಡಿದ ಆ ನಡಿಗೆಯಲ್ಲಿ ಅವಳು ಗೋಡೆ ಮುಟ್ಟಿದ್ದು ಆಸರೆಗೆಂದು ಒಮ್ಮೆಯೂ ಹೊಳೆದಿರಲಿಲ್ಲ, ಲಜ್ಜೆಯೆಂದೇ ತಿಳಿದಿದ್ದ. ಬಾಗಿಲ ಕಡೆ ನೋಡುವ ಹಸಿದ ನಾಯಕಿಯನ್ನು ಕಂಡು ಅತ್ತ ಹೆಂಗಸರ ನಡುವೆ ಈಗ ಅವನಿಗೂ ಒಂದು ಕುರ್ಚಿ ಸಿಕ್ಕಿತ್ತು.

ಗಣಪತ ಬಹಳ ಹೊತ್ತು ಖಾಲಿ ಪರದೆ ನೋಡಿದ. “ಬ್ಯಾಡ್ರಿ,” ಎಂದ. “ಮೊದಲ ಹೆಂಗಿತ್ತೊ ಹಂಗ ಹಚ್ರಿ.”

“ಅದು ಸುಳ್ಳಪಾ,” ಎಂದ ಸಿದ್ರಾಮ.

“ಇರಲ್ಯಾಕ್ರಿ. ಅದರಾಗ ಕಡೀಕ ಆಕಿ ನಿಂತಾಳ.”

“ಅದನ್ನ ನೋಡಿದ್ರ ನಿನಗ, ಆಕಿ ಎದ್ದಿದ್ದಳು, ನಾ ಹೋಗಲಿಲ್ಲ ಅಂತ…”

“ನಾ ಹೋಗಲಿಲ್ಲ ಅಂಬೂದು ಹೆಂಗ ಅಂಟಿಸಿದ್ರೂ ಖರೇನ ಐತಲ್ರಿ,” ಎಂದ ಗಣಪತ.

ಬೀಗ ಹಿಡಿದ ಜಿನಗೊಂಡ ಹೊರಗೆ ಹೋಗಿ ನಿಂತ. ಸಿದ್ರಾಮ ಮತ್ತೆ ಕುಳಿತ. ಶಿಷ್ಯನಿಗೆ ದಿನವೂ ಬೈಯುತ್ತಿದ್ದ ತಪ್ಪನ್ನು ತಾನೇ ಮಾಡಿದ, ಸಿಮೆಂಟು ಹೆಚ್ಚಾಯಿತು, ಎಣಿಕೆ ಹತ್ತಕ್ಕೆ ಮುಟ್ಟುವ ಮೊದಲೇ ಒತ್ತು ತೆಗೆದ. ಯಂತ್ರ ಹಚ್ಚಿದಾಗ ಮಲಗಿದವಳು ಏಳುವ ಜಾಗದಲ್ಲಿಯೇ ಅಂಟು ಬಿಟ್ಟು ಫಿಲ್ಮು ಗೇಟಿನಲ್ಲಿ ಮುದ್ದೆಯಾಗಿ ಕಚಕಚನೆ ಹರಿಯಿತು. ಸಿದ್ರಾಮ ಸ್ವಿಚ್ಚು ಆರಿಸಿದ. ನಾಲ್ಕು ಬೆರಳಗಲದಷ್ಟು ಉದ್ದಕ್ಕೆ ಅಂಚಿನ ತೂತುಗಳು ಹರಿದುಹೋಗಿದ್ದವು. ಆ ಭಾಗ ಕತ್ತರಿಸಿ ಕೆಳಗೆ ಚೆಲ್ಲಿ, ಅಳಿದುಳಿದ ತುದಿಗಳನ್ನು ಮತ್ತೆ ಕೆರೆದು ಕೂಡಿಸಿದ. ಈ ಸಲ ಗಣಪತ ಬಂದು, ಹೇಳಿಸಿಕೊಳ್ಳದೆ, ಪಟ್ಟಿಯ ಒಂದು ತುದಿಯನ್ನು ಅಂಚಿನಲ್ಲಿ ಹಿಡಿದುಕೊಂಡ. ಹರಿದ ಎಳೆ ಹಿಡಿದು ರೂಢಿಯಾದ ಬೆರಳುಗಳು, ಚಿತ್ರಕ್ಕೆ ಎಲ್ಲೂ ತಾಕಲಿಲ್ಲ. ಅವನ ಉಸಿರು ಸಿದ್ರಾಮನ ಕಿವಿಗೆ ಬೀಳುವಷ್ಟು ಹತ್ತಿರವಿತ್ತು. ಸಿದ್ರಾಮ ಸರಿದು ಕೂಡಲಿಲ್ಲ. ಹದಿನೈದರವರೆಗೆ ಎಣಿಸಿದ.

ಮಾಯವ್ವ ಮಲಗಿದಳು. ಎದ್ದು ನಡೆದಳು. ನಿಂತಳು, ಹೊರಳಿ ನಕ್ಕಳು. ಬೆಳಕು ಆರಿತು.

“ಒಂಬತ್ತ ಹೆಜ್ಜಿ ಇದ್ದೂರಿ,” ಎಂದ ಗಣಪತ. “ಈಗ ಎಂಟ ಅದಾವು.”

ಸಿದ್ರಾಮ ಬೆಚ್ಚಿ ಅವನನ್ನು ನೋಡಿದ. ತಾನು ಎಣಿಸಿರಲಿಲ್ಲ. ಮಾಸ್ತರ ಎಣಿಸಿರಲಿಲ್ಲ. ಕಣ್ಣೊರೆಸಿಕೊಂಡ ಸಾಹೇಬನೂ ಎಣಿಸಿರಲಾರ. ಮುಂದೆ ಸಾಹೇಬ ಅದನ್ನು ಹಡಗಿನಲ್ಲಿ ತನ್ನ ದೇಶಕ್ಕೆ ಒಯ್ದು ಯಾವ ಯಾವ ಊರಿನವರಿಗೆ ತೋರಿಸಿದರೂ ಇನ್ನು ಯಾರೂ ಎಣಿಸಲಾರರು. ಅಭ್ಯಾಸದಂತೆ ಅವನು ಒಂದು ಚುಚ್ಚುಮಾತು ಹುಡುಕಿದ. ಯಾರಿಗೆ ಚುಚ್ಚಬೇಕೆಂದು ತಿಳಿಯಲಿಲ್ಲ.

“ಆ ಒಂದು ಎಲ್ಲಿ ಹೋತ್ರಿ?” ಗಣಪತ ಕೇಳಿದ.

“ಹರೀತು. ಕೆಳಗ ಒಗದೆ.”

ಗಣಪತ ಬಗ್ಗುವ ಮೊದಲೇ ಸಿದ್ರಾಮ ಬಗ್ಗಿದ. ಮಗ್ಗದ ಕೆಳಗೆ ವಾರಗಟ್ಟಲೆಯ ಹತ್ತಿಯ ಜುಂಜು, ಎಣ್ಣೆ, ಬೀಡಿ ತುಂಡು. ಮೊಣಕಾಲೂರಿ, ಧೋತರ ಕಪ್ಪಾಗುವುದನ್ನು ನೋಡುತ್ತ, ಕೈಯನ್ನು ಭುಜದವರೆಗೂ ಒಳಗೆ ಹಾಕಿ ತಡಕಿದ. ಕೈಗೆ ಬಂದದ್ದೆಲ್ಲ ನೂಲು. ಹೊರಗಿನಿಂದ ಜಿನಗೊಂಡ, “ಆತೇನ್ರಿ? ಬಾಗಲ ಹಾಕಬೇಕು,” ಎಂದ. ಇನ್ನೊಂದು ಬದಿಯಿಂದ ಮಾಸ್ತರನೂ ಬಗ್ಗಿದ್ದ. ಇಬ್ಬರ ಮುಖ ಮಗ್ಗದ ಅಡಿಯಲ್ಲಿ ಒಂದು ಗೇಣಿನ ಅಂತರದಲ್ಲಿ ಎದುರಾಗಿ, ಇಬ್ಬರೂ ಬೇರೆ ಕಡೆ ನೋಡಿದರು. ಕೊನೆಗೆ ಒಂದು ಬಿರುಸಾದ ಅಂಚು ಬೆರಳಿಗೆ ತಾಕಿತು. ಸಿದ್ರಾಮ ಅದಕ್ಕೆ ಮೆತ್ತಿದ ಜುಂಜನ್ನು ಧೋತರದ ಒಳಮಗ್ಗುಲಿಗೆ ಒರೆಸಿ, ಅಂಚಿನಲ್ಲಿ ಹಿಡಿದು, ಕೂತಲ್ಲಿಂದಲೇ ಮೇಲೆ ಎತ್ತಿ ಕೊಟ್ಟ.

ಗಣಪತ ಅದನ್ನು ಬೆಳಕಿಗೆ ಹಿಡಿದು ನೋಡಲಿಲ್ಲ. ಸೊಂಟದ ಚಂಚಿ ಬಿಚ್ಚಿದ, ತಂಬಾಕು ಒಂದು ಮಡಿಕೆಗೆ ಸರಿಸಿ, ಅದನ್ನು ಬೇರೆ ಮಡಿಕೆಯಲ್ಲಿಟ್ಟು ದಾರ ಸುತ್ತಿದ. ಸುತ್ತಿ ಮುಗಿಸಿದ ಮೇಲೆ ಅನುಮಾನ ಬಂದಿತು.

“ಇದರಾಗ ಇದ್ರ ಕೆಡತೈತೇನ್ರಿ?”

“ಇಲ್ರಿ,” ಎಂದ ಸಿದ್ರಾಮ, ಇನ್ನೂ ನೆಲದ ಮೇಲೆಯೇ ಇದ್ದು. “ಬಿಸಲಿಗೆ ಇಡಬ್ಯಾಡ್ರಿ. ಅಷ್ಟ ನೋಡಕೋರಿ.”